ಹಲಸಿನ ಹಣ್ಣಿನ ಕೇಕ್: ಮುಳ್ಳು ಆಮೇಲೆ, ಮೊದ್ಲು ಭಾರ ಹೊರೋರು ಯಾರು?

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಮನೇಲೇ ಕೇಕ್ ಮಾಡಿ ಮಾರೋರೆಲ್ಲ ಸೇರಿದ್ದಾಗ ನಾನು ಮಾತಾಡಿದ್ದನ್ನ ಬರಹದಲ್ಲಿ ಕೊಡಿ ಅಂತ ತುಂಬಾ ಜನ ಕೇಳಿದ್ರಿ. ಮಾತಾಡಿದ ಹಾಗೇ ಬರ್ದಿದೀನಿ, ಅಲ್ಲಿ ಕೈಯಲ್ಲಿ ತೋರಿಸಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದೀನಿ, ಕೊನೇಲಿ ನೀವು ಕೇಳಿದ ಪ್ರಶ್ನೆಗಳೂ ಇವೆ.

2020ರಲ್ಲಿ ಟರ್ಕಿಯ ಟೂಬಾ ಗೆಚ್ಕಿಲ್ ಅವರ ಕೇಕ್‌ಗಳ ವಿಡಿಯೋ ನಿಮ್ಮೆಲ್ಲರ ಫೋನಿಗೂ ಬಂದಿರತ್ತೆ, ನೋಡೋಕೆ ಯಾವುದೋ ವಸ್ತು, ಚಾಕು ಹಾಕಿದ್ರೆ ಒಳಗೆ ಕೇಕ್. ಅದಾದ್ಮೇಲೆ ನಮಗೆಲ್ಲ ಬರೋ ಆರ್ಡರ್‌ಗಳೇ ಬದಲಾದ್ವು. ಬರ್ಗರ್ ಥರ ಮಾಡ್ಕೊಡಿ, ಮಸಾಲೆ ದೋಸೆ ಥರ ಮಾಡ್ಕೊಡಿ, ನಮ್ಮಪ್ಪಂಗೆ ಅರವತ್ತು ತುಂಬತ್ತೆ ಅವರಿಗೆ ಹಲಸಿನ ಹಣ್ಣು ಅಂದ್ರೆ ಪ್ರಾಣ, ಹಲಸಿನ ಹಣ್ಣಿನ ಥರಾನೇ ಮಾಡ್ಕೊಡಿ. ವಿಡಿಯೋದಲ್ಲಿ ನಾವು ನೋಡೋದು ಬಣ್ಣ ಬಳಿಯೋದು, ಚಾಕು ಇಳಿಯೋದು ಎರಡೇ. ಆ ಕೇಕ್ ಹೇಗೆ ನಿಂತಿದೆ ಅನ್ನೋದು ಯಾರ ಕಣ್ಣಿಗೂ ಬೀಳಲ್ಲ. ಇವತ್ತು ನಾನು ಹೇಳ್ಬೇಕು ಅಂದ್ಕೊಂಡಿರೋದು ಅದನ್ನೇ, ಬಣ್ಣದ ವಿಷಯ ಸ್ವಲ್ಪಾನೇ ಬರತ್ತೆ.

ಒಂದು ತಿಂಡಿನ ಇನ್ನೊಂದು ತಿಂಡಿ ಥರ ಮಾಡೋದು ಹೊಸದೇನಲ್ಲ. ಇಟಲಿಯ ಪಲೆರ್ಮೊದಲ್ಲಿ ಬಾದಾಮಿ ಹಿಟ್ಟಿಂದ ಹಣ್ಣುಗಳನ್ನ ಮಾಡ್ತಾರೆ, ಫ್ರುತ್ತಾ ಮಾರ್ತೊರಾನ ಅಂತ, ಅಲ್ಲಿನ ಒಂದು ಕಾನ್ವೆಂಟಿನ ಹೆಸರು ಅದು. ಜರ್ಮನಿಯ ಮನ್‌ಹೈಮಲ್ಲಿ 1969ರಲ್ಲಿ ದಾರಿಯೋ ಫಾಂಟನೆಲ್ಲಾ ಅನ್ನೋರು ಐಸ್‌ಕ್ರೀಮನ್ನ ಶ್ಯಾವಿಗೆ ಒತ್ತಿದ ಹಾಗೆ ಒತ್ತಿ ಸ್ಪಾಗೆಟ್ಟಿ ಥರ ಮಾಡಿದ್ರು, ಮೇಲೆ ಸ್ಟ್ರಾಬೆರಿ ಸಾಸು ಟೊಮೇಟೊ ಸಾಸಿನ ಹಾಗೆ. ದೂರ ಯಾಕೆ, ನಮ್ಮ ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕುಸ್ವಾರಿಗೆ, ಅಂದ್ರೆ ಹಬ್ಬಕ್ಕೆ ಮಾಡೋ ತಿಂಡಿಗಳಿಗೆ, ಗೋಡಂಬಿ ಅರೆದು ಮಾರ್ಜಿಪಾನ್ ಮಾಡ್ತಾರೆ, ಸಂಕ್ರಾಂತಿಗೆ ನಾವು ಸಕ್ಕರೆ ಅಚ್ಚು ಹಾಕ್ತೀವಿ. ಆದ್ರೆ ಇವೆಲ್ಲ ಅಂಗೈ ಮೇಲೆ ಇಡೋ ಅಷ್ಟಿರತ್ತೆ, ಇಲ್ಲಾ ಒಂದು ತಟ್ಟೆ ತುಂಬ ಇರತ್ತೆ. ಬೀಳೋ ಭಯ ಇಲ್ಲ.

ಅಳತೆ ದೊಡ್ಡದಾದಾಗ ಏನಾಗತ್ತೆ ಅಂದ್ರೆ, ಉದ್ದ ಅಗಲ ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದ್ರೆ ತೂಕ ಎಂಟು ಪಟ್ಟು ಆಗತ್ತೆ, ಆದ್ರೆ ಕೆಳಗೆ ನೆಲಕ್ಕೆ ಕೂತ್ಕೊಳ್ಳೋ ಜಾಗ ನಾಲ್ಕೇ ಪಟ್ಟು ಆಗೋದು. ಅಂದ್ರೆ ಅಡಿಭಾಗದ ಕೇಕಿನ ಒಂದೊಂದು ಇಂಚಿನ ಮೇಲೂ ಬೀಳೋ ಭಾರ ಎರಡರಷ್ಟು. ಅದೇ ಸ್ಪಂಜು, ಅದೇ ಕ್ರೀಮು, ಅದೇ ಕೈ, ಅರ್ಧ ಕೆಜಿಲಿ ಚೆನ್ನಾಗಿ ನಿಂತಿದ್ದು 4 ಕೆಜಿಲಿ ಯಾಕೆ ಕುಸಿಯತ್ತೆ ಅಂತ ಕೇಳ್ತಾರಲ್ಲ, ಇದೇ ಕಾರಣ. ದೊಡ್ಡ ಕೇಕಿಗೆ ರೆಸಿಪಿ ಡಬಲ್ ಮಾಡಿದ್ರೆ ಸಾಕಾಗಲ್ಲ, ಒಳಗಿನ ಕಟ್ಟೋಣಾನೇ ಬೇರೆ ಬೇಕು.

ಯಾವ ತಿಂಡಿ ಆರಿಸ್ಕೋತೀರಿ ಅನ್ನೋದ್ರಲ್ಲೇ ಅರ್ಧ ಕೆಲಸ ತೀರ್ಮಾನ ಆಗೋಗತ್ತೆ. ಅಡಿ ಅಗಲ ಮೇಲೆ ಕಿರಿದು ಇರೋದು ಸುಲಭ. ಬರ್ಗರ್, ಇಡ್ಲಿ ತಟ್ಟೆ, ಅರ್ಧ ಕಲ್ಲಂಗಡಿ ಇವೆಲ್ಲ ತಾವಾಗೇ ಕೂತ್ಕೋತವೆ, ಕಷ್ಟ ಇಲ್ಲ. ಕೋನ್ ಐಸ್‌ಕ್ರೀಮು, ಬಟ್ಟಲಿಂದ ಮೇಲಕ್ಕೆ ಎದ್ದಿರೋ ನೂಡಲ್ಸು, ಪೇಪರ್ ದೋಸೆ, ಇವೆಲ್ಲ ಎತ್ತರ ಜಾಸ್ತಿ ಅಡಿ ಸಣ್ಣ. ಪೇಪರ್ ದೋಸೆನ ಕೇಕಲ್ಲಿ ಮಾಡೋಕೆ ಹೋಗ್ಲೇಬೇಡಿ, ಒಳಗಿನ ಪಲ್ಯದ ಜಾಗ ಕೇಕಾಗ್ಲಿ, ಮೇಲಿನ ದೋಸೆ ಒಣಗಿಸಿದ ಫಾಂಡೆಂಟ್ (ಲಟ್ಟಿಸೋಕೆ ಬರೋ ಸಕ್ಕರೆ ಹಿಟ್ಟು) ಹಾಳೆ ಆಗ್ಲಿ. ಅದಕ್ಕೆ ಸಿಎಂಸಿ ಅನ್ನೋ, ಫಾಂಡೆಂಟನ್ನ ಗಟ್ಟಿ ಮಾಡೋ ಪುಡಿ ಕಲಸಿ ತೆಳ್ಳಗೆ ಲಟ್ಟಿಸಿ ಪೈಪಿಗೆ ಸುತ್ತಿ ಒಣಗಕ್ಕೆ ಬಿಡಿ, ಗಟ್ಟಿ ನಿಲ್ಲತ್ತೆ.

ಹಲಸಿನ ಹಣ್ಣು ಇವೆರಡರ ಮಧ್ಯದ್ದು, ಅದಕ್ಕೇ ನಂಗೆ ಅದರ ಮೇಲೆ ಪ್ರೀತಿ. ನೋಡೋಕೆ ಸುಮ್ನೆ ಮಲಗಿರೋ ಹಣ್ಣು. ಆದ್ರೆ ಅದರ ಹೊಟ್ಟೆ ದುಂಡು. ದುಂಡು ಹೊಟ್ಟೆ ನೆಲಕ್ಕೆ ತಾಗೋದು ನಡುವಲ್ಲಿ ಒಂದು ಪಟ್ಟಿಯಷ್ಟು ಜಾಗ ಮಾತ್ರ, ಸುತ್ತಲಿನ ಭಾಗ ಎಲ್ಲಾ ಗಾಳಿಯಲ್ಲಿ ಚಾಚ್ಕೊಂಡಿರತ್ತೆ, ಕೆಳಗೆ ಆಸರೆ ಇಲ್ಲ. ಅಲ್ಲೇ ಬಿರುಕು ಬಿಡೋದು.

ಲೆಕ್ಕ ಹಾಕಿ ನೋಡೋಣ. 12 ಇಂಚು ಉದ್ದ, 8 ಇಂಚು ಅಗಲ, 7 ಇಂಚು ಎತ್ತರದ ಹಣ್ಣು ಅಂದ್ರೆ ಬರೀ ಕೇಕು ಮತ್ತೆ ಫಿಲ್ಲಿಂಗೇ 3 ಕೆಜಿ ದಾಟತ್ತೆ, ಗನಾಶು (ಚಾಕ್ಲೇಟು ಕ್ರೀಮು ಸೇರಿಸಿ ಮಾಡೋದು), ಮುಳ್ಳು ಎಲ್ಲ ಸೇರಿ 5 ಕೆಜಿ ಹತ್ರ. ಇದು ಮೊದಲ ಸಲಕ್ಕೆ ಬೇಡ. ಮೊದಲ ಸಲ ಮಾಡೋರು ಸಿದ್ದು ಹಲಸನ್ನ ಮಾದರಿ ಇಟ್ಕೊಳ್ಳಿ. ತುಮಕೂರು ಜಿಲ್ಲೆ ಚೇಳೂರಿನ ಕಡೆಯ ತಳಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಳಕಿಗೆ ತಂದಿದ್ದು. ಹಣ್ಣು ಸರಾಸರಿ ಎರಡೂವರೆ ಕೆಜಿ ಅಷ್ಟೇ, ಒಳಗಿನ ತೊಳೆ ತಾಮ್ರದ ಹಾಗೆ ಕೆಂಪು. ನಮ್ಮ ಕೆಲಸಕ್ಕೆ ಎಷ್ಟು ಅನುಕೂಲ ನೋಡಿ, ನಿಜವಾದ ಹಣ್ಣಿನ ಅಳತೆಗೇ ಕೇಕ್ ಮಾಡಬಹುದು, ಕೊಯ್ದು ತೋರಿಸಿದಾಗ ಬಣ್ಣಾನೂ ಎದ್ದು ಕಾಣತ್ತೆ.

ಈಗ ಕೇಕಿಗೆ ಬರೋಣ. ಬರ್ತ್‌ಡೇ ಕೇಕಿಗೆ ಮಾಡೋ ಹಗುರ ಸ್ಪಂಜು ಇಲ್ಲಿ ಕೆಲಸಕ್ಕೆ ಬರಲ್ಲ, ಚಾಕು ಹಾಕಿದ್ರೆ ಪುಡಿ ಪುಡಿ ಆಗತ್ತೆ, ಮೇಲೆ ಭಾರ ಬಿದ್ರೆ ಅಪ್ಪಚ್ಚಿ ಆಗತ್ತೆ. ಬೇಕಾಗಿರೋದು ಪೌಂಡ್ ಕೇಕು, ಬೆಣ್ಣೆ ಸಕ್ಕರೆ ಮೈದಾ ಮೊಟ್ಟೆ ನಾಲ್ಕೂ ಸಮ ತೂಕ, ಇಲ್ಲಾಂದ್ರೆ ಚಾಕ್ಲೇಟ್ ಮಡ್ ಕೇಕು. ನಮ್ಮಲ್ಲಿ ಬರೋ ಆರ್ಡರ್‌ಗಳಲ್ಲಿ ಎಗ್‌ಲೆಸ್ ಕೇಳೋರು ತುಂಬಾ ಜನ, ಅದರ ಬಗ್ಗೆ ನೇರವಾಗಿ ಹೇಳ್ಬಿಡ್ತೀನಿ: ಮೊಟ್ಟೆ ಬೆಂದು ಗಟ್ಟಿಯಾಗಿ ಕೇಕಿಗೆ ಒಂದು ಹಂದರ ಕೊಡತ್ತೆ, ಅದು ಇಲ್ಲದೇ ಇದ್ದಾಗ ಬರೀ ಮೈದಾ ಮೇಲೆ ನಿಂತಿರತ್ತೆ, ಅದಕ್ಕೇ ಎಗ್‌ಲೆಸ್ ಜಾಸ್ತಿ ಉದುರೋದು. ಹಾಗಂತ ಆಗಲ್ಲ ಅಂತಲ್ಲ. ಕಂಡೆನ್ಸ್ಡ್ ಮಿಲ್ಕು ಬೆಣ್ಣೆ ಹಾಕಿ ಮಾಡೋ ಕೇಕು ಆರಿಸ್ಕೊಳ್ಳಿ, ಪದರ ತೆಳ್ಳಗೆ ಕೊಯ್ಯಿರಿ, ಒಳಗೆ ಆಸರೆಯ ಬೋರ್ಡು ಒಂದು ಜಾಸ್ತಿ ಹಾಕಿ, ಕೆತ್ತೋಕೆ ಮುಂಚೆ ಇಡೀ ರಾತ್ರಿ ಫ್ರಿಜ್ಜಲ್ಲಿಡಿ. ಕೆತ್ತೋ ವಿನ್ಯಾಸಾನೂ ಸ್ವಲ್ಪ ಸರಳ ಮಾಡ್ಕೊಳ್ಳಿ, ಕಸ್ಟಮರ್‌ಗೂ ಮೊದ್ಲೇ ಹೇಳಿ.

ಫಿಲ್ಲಿಂಗ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹಲಸಿನ ಹಣ್ಣಿನ ಕೇಕಲ್ಲಿ ಹಲಸಿನ ರುಚಿ ಇರ್ಲೇಬೇಕು. ಆಕಾರ ಹಲಸು, ಬಾಯಿಗೆ ಹಾಕಿದ್ರೆ ವೆನಿಲ್ಲಾ ಎಸೆನ್ಸು ಅಂದ್ರೆ ತಿಂದವರಿಗೆ ಮೋಸ. ಆದ್ರೆ ಹಣ್ಣನ್ನ ಹಾಗೇ ರುಬ್ಬಿ ಹಾಕಿದ್ರೆ ನೀರು ಬಿಟ್ಕೊಂಡು ಪದರಗಳು ಒಂದರ ಮೇಲೊಂದು ಜಾರತ್ತೆ. ಇದಕ್ಕೆ ಉತ್ತರ ನಮ್ಮ ಕರಾವಳಿ ಮನೆಗಳಲ್ಲೇ ಇದೆ, ಬೆರಟಿ. ಹವ್ಯಕರ ಮನೆಗಳಲ್ಲಿ ಹಲಸಿನ ತೊಳೆ ಬೇಯಿಸಿ ಬೆಲ್ಲ ಹಾಕಿ ನೀರಿನಂಶ ಎಲ್ಲಾ ಹೋಗೋವರೆಗೂ ಕಾಯಿಸಿ ಕಾಯಿಸಿ ಗಟ್ಟಿ ಮುದ್ದೆ ಮಾಡಿ ಡಬ್ಬಿಗೆ ತುಂಬಿಡ್ತಾರೆ, ಮಳೆಗಾಲದುದ್ದಕ್ಕೂ ಪಾಯಸಕ್ಕೆ ಬರತ್ತೆ. ಕೆಡದೇ ಇರ್ಲಿ ಅಂತ ನೀರು ತೆಗೆದಿದ್ದು, ನಮಗೆ ಅದೇ ನೀರಿಲ್ಲದ ಗುಣ ಕೇಕ್ ನಿಲ್ಲೋಕೆ ಬೇಕು. ಬೆರಟಿನ ಗಟ್ಟಿ ಗನಾಶ್ ಜೊತೆ ಕಲಸಿ 4-5 ಮಿಲಿಮೀಟರ್ ಮಾತ್ರ ಸವರಿ. ಫಿಲ್ಲಿಂಗ್ ದಪ್ಪ ಹಾಕಿದ್ರೆ ತಿನ್ನೋಕೆ ಚೆಂದ ಅನ್ಸತ್ತೆ, ಕೆತ್ತಿದ ಕೇಕಲ್ಲಿ ಅದು ಭಾರ ತಾಳಲಾರದೆ ಪಕ್ಕಕ್ಕೆ ಉಬ್ಬಿ ಹೊರಗೆ ಬರತ್ತೆ.

ವಿಪ್ಪಿಂಗ್ ಕ್ರೀಮಿನ ಮೇಲೆ ಈ ಕೇಕ್ ಕಟ್ಟಬೇಡಿ. ಅದರಲ್ಲಿ ಗಾಳೀನೇ ಜಾಸ್ತಿ, ಭಾರ ಹೊರೋ ಶಕ್ತಿ ಇಲ್ಲ, ಅದರ ನೀರು ಫಾಂಡೆಂಟಿನ ಸಕ್ಕರೆನ ಕರಗಿಸತ್ತೆ. ಬರೀ ಬೆಣ್ಣೆ ಕ್ರೀಮು ನಮ್ಮ ಮೇ ತಿಂಗಳಿಗೆ ಆಗಲ್ಲ, ಬೆಣ್ಣೆ 32ರಿಂದ 35 ಡಿಗ್ರಿಲಿ ಕರಗತ್ತೆ, ಅದಕ್ಕಿಂತ ಎಷ್ಟೋ ಮುಂಚೆ ಮೆತ್ತಗಾಗಿರತ್ತೆ, ಕಲಬುರಗಿ ರಾಯಚೂರು ಕಡೆಯೋರಿಗೆ ಇದನ್ನ ಹೇಳೋದೇ ಬೇಡ. ಹಲಸಿನ ಸೀಸನ್ನೂ ಅದೇ ಹೊತ್ತಿಗೇ ಬರತ್ತಲ್ಲ, ಏಪ್ರಿಲಿಂದ ಜುಲೈವರೆಗೆ, ಮೊದ್ಲು ಬಿಸಿಲು ಆಮೇಲೆ ಮಳೆಯ ತೇವ.

ನಂಬಬಹುದಾದ್ದು ಗನಾಶ್. ಡಾರ್ಕ್ ಚಾಕ್ಲೇಟಾದ್ರೆ ಎರಡು ಪಾಲು ಚಾಕ್ಲೇಟಿಗೆ ಒಂದು ಪಾಲು ಕ್ರೀಮು, ವೈಟ್ ಆದ್ರೆ ಮೂರಕ್ಕೆ ಒಂದು, ಬೇಸಿಗೆಲಿ ವೈಟ್ ನಾಲ್ಕಕ್ಕೆ ಒಂದು ಮಾಡ್ಕೊಳ್ಳಿ. ಅಂಗಡೀಲಿ ಸುಲಭವಾಗಿ ಸಿಗೋ 25 ಪರ್ಸೆಂಟ್ ಕೊಬ್ಬಿನ ಫ್ರೆಶ್ ಕ್ರೀಮೇ ಸಾಕು, ಆದ್ರೆ ಅದರಲ್ಲಿ ನೀರಿನಂಶ ಜಾಸ್ತಿ, ಅದಕ್ಕೆ ಚಾಕ್ಲೇಟ್ ಕಡೆಗೇ ಸ್ವಲ್ಪ ತೂಗ್ಲಿ. ಕಾಂಪೌಂಡ್ ಚಾಕ್ಲೇಟ್ ಹಾಕಬಹುದಾ ಅಂತ ಯಾವಾಗ್ಲೂ ಕೇಳ್ತೀರಿ. ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಕೊಬ್ಬು ಇರತ್ತೆ, ಬಿಸಿಲಿಗೆ ಸ್ವಲ್ಪ ಜಾಸ್ತಿ ತಾಳತ್ತೆ, ರುಚಿಲಿ ಮಾತ್ರ ಹಿಂದೆ. ನಾನು ಹೊರಗಿನ ಮುಳ್ಳಿಗೆ ಕಾಂಪೌಂಡು, ಒಳಗಿನ ಗನಾಶಿಗೆ ಒಳ್ಳೆ ಚಾಕ್ಲೇಟು ಹಾಕ್ತೀನಿ.

ಈಗ ಜೋಡಿಸೋದು. ನಿಧಾನವಾಗಿ ಓದಿ, ಇಡೀ ಮಾತಿನಲ್ಲಿ ಮುಖ್ಯವಾದ್ದು ಇದೇ.

ಕೆಳಗೆ 12 ಮಿಲಿಮೀಟರಿನ ಗಟ್ಟಿ ಬೋರ್ಡು, ಎತ್ತಿದಾಗ ಬಾಗಬಾರದು. ಬೋರ್ಡ್ ಬಾಗಿದ್ರೆ ಮೇಲಿರೋ ಗನಾಶ್ ಬಿರುಕು ಬಿಟ್ಟೇ ಬಿಡತ್ತೆ. ಅದರ ಮೇಲೆ ಹಣ್ಣಿನ ಅಡಿನ ಚಪ್ಪಟೆ ಮಾಡ್ಕೊಳ್ಳಿ, ಕನಿಷ್ಠ 5 ಇಂಚು ಅಗಲ ನೆಲಕ್ಕೆ ಕೂರ್ಲಿ, ನೋಡೋರಿಗೆ ಅದು ಕಾಣಲ್ಲ. ಚಪ್ಪಟೆ ಅಡಿಯಿಂದ ಹೊಟ್ಟೆ ಚಾಚೋ ಜಾಗ ಇದೆಯಲ್ಲ, ಅಲ್ಲಿ ಕೇಕ್ ಬೇಡ, ಮಂಡಕ್ಕಿ ಹಾಕಿ. ಕರಗಿಸಿದ ಕಾಂಪೌಂಡ್ ಚಾಕ್ಲೇಟಲ್ಲಿ ಗರಿಗರಿ ಮಂಡಕ್ಕಿ ಕಲಸಿ, ಉಂಡೆ ಕಟ್ಟೋ ಹಾಗೆ ಒತ್ತಿ ಒತ್ತಿ ಬೆಣೆ ಆಕಾರಕ್ಕೆ ತಂದು ಗಟ್ಟಿಯಾಗಕ್ಕೆ ಬಿಡಿ. ಹಗುರ, ಗಟ್ಟಿ, ತಿನ್ನೋಕೂ ಆಗತ್ತೆ. ಹೊರದೇಶದೋರು ಇದಕ್ಕೆ ರೈಸ್ ಕ್ರಿಸ್ಪೀಸ್‌ನ ಮಾರ್ಷ್‌ಮೆಲ್ಲೋ ಜೊತೆ ಕಲಸ್ತಾರೆ, ಮಾರ್ಷ್‌ಮೆಲ್ಲೋದಲ್ಲಿ ಪ್ರಾಣಿಗಳಿಂದ ತೆಗೆಯೋ ಜೆಲಾಟಿನ್ ಇರತ್ತೆ, ಸಸ್ಯಾಹಾರಿ ಮನೆಗೆ ಕೊಡೋ ಕೇಕಿಗೆ ಹಾಕಬೇಡಿ.

ಎತ್ತರ 4 ಇಂಚು ಬಂತಾ, ಅಲ್ಲಿಗೆ ನಿಲ್ಲಿಸಿ. ಅದರ ಮೇಲೆ ಇನ್ನೊಂದು ತೆಳು ಬೋರ್ಡು ಬರ್ಬೇಕು, ಕೆಳಗಿನ ಕೇಕಿನ ಒಳಗೆ ದಪ್ಪ ಸ್ಟ್ರಾಗಳು ಆ ಬೋರ್ಡನ್ನ ಹೊರಬೇಕು. ಬಬಲ್ ಟೀಗೆ ಕೊಡ್ತಾರಲ್ಲ ಅಂಥ ದಪ್ಪದ್ದು ಐದಾರು ಸಾಕು. ಒಂದು ಸ್ಟ್ರಾನ ಕೇಕಿಗೆ ಇಳಿಸಿ, ಎಲ್ಲಿಗೆ ಸಮ ಬಂತು ಅಂತ ಗುರುತು ಹಾಕಿ ತೆಗೆದು ಕಟ್ ಮಾಡಿ, ಉಳಿದಿದ್ದನ್ನೆಲ್ಲ ಅದೇ ಅಳತೆಗೆ ಕಟ್ ಮಾಡಿ. ಪ್ರತಿಯೊಂದನ್ನೂ ಅದದು ಇಳಿಸಿದ ಜಾಗದ ಎತ್ತರಕ್ಕೆ ಕಟ್ ಮಾಡೋರು ಇದಾರೆ, ಕೇಕ್ ಒಂದು ಕಡೆ ತಗ್ಗಿದ್ರೆ ಬೋರ್ಡೂ ಆ ಕಡೆಗೇ ವಾಲತ್ತೆ. ಸ್ಟ್ರಾ ಕೇಕಿಗಿಂತ ಗಿಡ್ಡ ಆದ್ರೆ ಇನ್ನೂ ಕಷ್ಟ, ಭಾರ ಎಲ್ಲಾ ಸ್ಟ್ರಾ ಮೇಲೆ ಬೀಳೋ ಬದಲು ಕೇಕ್ ಮೇಲೇ ಬೀಳತ್ತೆ, ಹಾಕಿದ್ದೂ ಒಂದೇ ಹಾಕದೇ ಇದ್ದಿದ್ದೂ ಒಂದೇ. ನಡುವಿನ ಬೋರ್ಡು ಹಣ್ಣಿನ ಹೊರ ಅಂಚಿಗಿಂತ ಎಲ್ಲಾ ಕಡೆ ಒಂದೂವರೆ ಇಂಚು ಒಳಗೇ ಇರ್ಲಿ, ಕೆತ್ತುವಾಗ ಚಾಕುಗೆ ಸಿಗಬಾರದು. ಎಲ್ಲಾ ಆದ್ಮೇಲೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಒಂದು ಹಗುರ ಟೈಲ್ ಇಟ್ಟು ರಾತ್ರಿ ಫ್ರಿಜ್ಜಲ್ಲಿಡಿ, ಒಳಗೆ ಗಾಳಿ ಏನಾದ್ರೂ ಸೇರ್ಕೊಂಡಿದ್ರೆ ಹೋಗಿ ಕೇಕ್ ತನ್ನ ಜಾಗಕ್ಕೆ ತಾನು ಇಳಿದು ಕೂರತ್ತೆ. ಈ ಕೆಲಸ ಫಾಂಡೆಂಟ್ ಹಾಕೋಕೆ ಮುಂಚೆ ಆಗ್ಬೇಕು, ಆಮೇಲೆ ಆದ್ರೆ ಸುತ್ತ ಒಂದು ಉಬ್ಬು ಬಂದು ನಿಮ್ಮ ಕೆಲಸ ಎಲ್ಲಾ ಹಾಳು.

ಕೆತ್ತೋಕೆ ನಿಜವಾದ ಹಣ್ಣಿನ ಫೋಟೋನ ಮೇಲಿಂದ ಒಂದು ಪಕ್ಕದಿಂದ ಒಂದು ತೆಗೆದು ಅಳತೆಗೆ ಪ್ರಿಂಟ್ ಹಾಕ್ಕೊಳ್ಳಿ, ತಣ್ಣಗಿರೋ ಕೇಕಿಗೆ ಬ್ರೆಡ್ ಚಾಕು, ಸಣ್ಣ ಸಣ್ಣ ಚೂರಾಗಿ ತೆಗೀರಿ. ಹಲಸು ಎರಡು ಕಡೆ ಒಂದೇ ಥರ ಇರಲ್ಲ, ಒಂದು ಕಡೆ ಸೊಟ್ಟ, ಒಂದು ಕಡೆ ಉಬ್ಬು. ತೀರಾ ಸಮ ಮಾಡಿದ್ರೆ ಹಲಸು ಅನ್ಸಲ್ಲ. ಆಮೇಲೆ ಗನಾಶಿನ ಒಂದು ತೆಳು ಕೋಟು, ಗಟ್ಟಿಯಾದ್ಮೇಲೆ ಇನ್ನೊಂದು ದಪ್ಪ ಕೋಟು. ಎರಡನೇ ಕೋಟು ಗಟ್ಟಿಯಾದಾಗ ಹೊರಗಡೆ ಒಂದು ಚಿಪ್ಪು ಬಂದ ಹಾಗಾಗತ್ತೆ, ಮುಳ್ಳಿನ ಭಾರ ಹೊರೋದು ಆ ಚಿಪ್ಪೇ.

ಮುಳ್ಳಿನ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ತೀನಿ. ಹಲಸು ಅನ್ನೋದು ಒಂದು ಹಣ್ಣಲ್ಲ, ನೂರಾರು ಹೂವು ಒಟ್ಟಿಗೆ ಸೇರಿ ಆದದ್ದು. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ, ಕಾಯಿಗಟ್ಟಿದ ಹೂವು ತೊಳೆ ಆಗತ್ತೆ, ಕಟ್ಟದೇ ಇದ್ದದ್ದು ತೊಳೆಗಳ ನಡುವಿನ ನಾರು ಆಗತ್ತೆ. ಇದು ಗೊತ್ತಿದ್ರೆ ಮುಳ್ಳು ಎಲ್ಲೆಲ್ಲಿ ಹೇಗೆ ಬರ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ. ಒಂದಕ್ಕೊಂದು ಒತ್ತಿಕೊಂಡು ಬೆಳೆದಿರೋದ್ರಿಂದ ಬುಡ ದುಂಡಗಿರಲ್ಲ, ಐದಾರು ಮೂಲೆ ಇರತ್ತೆ. ಎಳೇ ಕಾಯಲ್ಲಿ ಮುಳ್ಳು ಚೂಪು, ಒತ್ತೊತ್ತು. ಬಲಿತು ಹಣ್ಣಾದ ಹಾಗೆ ಅಗಲ ಆಗಿ ಚಪ್ಪಟೆಯಾಗತ್ತೆ, ನಡುವೆ ಜಾಗ ಬಿಡತ್ತೆ. ನಮ್ಮ ಕಡೆ ಹಿರಿಯರು ಮುಳ್ಳು ನೋಡಿ, ತಟ್ಟಿ ಸದ್ದು ಕೇಳಿ ಬಲಿತಿದೆಯೋ ಇಲ್ವೋ ಹೇಳೋದು ಅದಕ್ಕೇ. ಹಾಗಾಗಿ ನೀವು ಮಾಡ್ತಿರೋದು ಹಣ್ಣಾ ಕಾಯಾ ಅಂತ ಮೊದ್ಲೇ ತೀರ್ಮಾನ ಮಾಡಿ. ಚೂಪು ಮುಳ್ಳು ಇಟ್ಟು ಹಳದಿ ಬಣ್ಣ ಬಳಿದ್ರೆ ಹಲಸು ಬೆಳೆಯೋ ಊರಿನೋರು ನೋಡಿದ ತಕ್ಷಣ ಏನೋ ಸರಿ ಇಲ್ಲ ಅಂತಾರೆ.

ಮಾಡೋ ರೀತಿ: ಮಾಡೆಲಿಂಗ್ ಚಾಕ್ಲೇಟು. ಡಾರ್ಕ್ ಆದ್ರೆ 200 ಗ್ರಾಂ ಚಾಕ್ಲೇಟಿಗೆ 100 ಗ್ರಾಂ ಲಿಕ್ವಿಡ್ ಗ್ಲೂಕೋಸು, ವೈಟ್ ಆದ್ರೆ 300ಕ್ಕೆ 100, ಕಲಸಿ ಮುಚ್ಚಿಟ್ಟು ಮಾರನೇ ದಿನ ನಾದಿ. ಕೇಕಿಗೆ ತೆಳು ಹಾಳೆಯಾಗಿ ಇದನ್ನ ಹೊದಿಸಿ, ಮೇಲೆ ಸಣ್ಣ ಸಣ್ಣ ಉಂಡೆ ಅಂಟಿಸಿ ಬೆರಳಲ್ಲಿ ಹಿಂಡಿ ಮೂಲೆ ತನ್ನಿ. ಮುಳ್ಳನ್ನ ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಕೆಳಗಿನ ಸಾಲು ಮೇಲಿನದಕ್ಕೆ ಆಸರೆ ಆಗತ್ತೆ. ಪೂರ್ತಿ ಫಾಂಡೆಂಟಲ್ಲೂ ಮಾಡಬಹುದು, ಆದ್ರೆ ಮಂಗಳೂರು ಉಡುಪಿ ಕಡೆ ಜೂನಲ್ಲಿ ಫಾಂಡೆಂಟು ಗಾಳಿಯ ತೇವ ಎಳ್ಕೊಂಡು ಅಂಟಂಟಾಗತ್ತೆ, ಚಾಕ್ಲೇಟಿಗೆ ಅಷ್ಟು ತೊಂದ್ರೆ ಇಲ್ಲ. ಬಣ್ಣಕ್ಕೆ ಹಸಿರು ಹಳದಿ ಪುಡಿನ ಒಣಗಿದ ಬ್ರಶ್ಶಲ್ಲಿ ಸವರಿ, ಮುಳ್ಳಿನ ತುದಿಗೆ ಮಾತ್ರ ಕೋಕೋ ಪುಡಿ. ಹೊಳಪು ಪುಡಿ ಕೊಳ್ಳುವಾಗ ಡಬ್ಬಿ ಓದಿ, ವಿಷ ಅಲ್ಲ ಅಂತ ಬರೆದಿರೋದೆಲ್ಲ ತಿನ್ನೋಕೆ ಮಾಡಿದ್ದಲ್ಲ, ತಿನ್ನಬಹುದು ಅಂತಲೇ ಬರೆದಿರ್ಬೇಕು.

ಒಂದು ಕಡೆ ಕೊಯ್ದ ಹಾಗೆ ತೋರಿಸೋದಾದ್ರೆ ಆ ಮುಖಾನ ಮೇಲ್ಗಡೆ ಬರೋ ಹಾಗೆ ಸ್ವಲ್ಪ ಓರೆ ಮಾಡಿ, ತೊಳೆಗಳು ಜಾರದೆ ಕೂತ್ಕೋತವೆ. ನೇರ ಗೋಡೆ ಥರ ಮಾಡಿದ್ರೆ ಒಂದೊಂದೇ ಕಳಚತ್ತೆ. ಬಕ್ಕೆ ಹಲಸಿನ ತೊಳೆ ಗಟ್ಟಿ, ಅಂಚು ಸ್ಪಷ್ಟ, ಅದನ್ನೇ ನೋಡ್ಕೊಂಡು ಮಾಡಿ. ಒಂದೆರಡು ತೊಳೆ ಬಿಡಿಸಿ ಬೀಜ ಕಾಣೋ ಹಾಗೆ ಇಟ್ರೆ ಮಕ್ಕಳಿಗೆ ತುಂಬಾ ಖುಷಿ.

ಕೆಲವರು ಮರದ ಕಾಂಡದಲ್ಲಿ ತೂಗ್ತಿರೋ ಹಾಗೆ ಬೇಕು ಅಂತಾರೆ. ಮಾಡಬಹುದು, ಆದ್ರೆ ನಿಜವಾಗ್ಲೂ ತೂಗಹಾಕಬೇಡಿ. ಕೇಕು ಮೇಲಿಂದ ಎಳೆದ್ರೆ ಹರಿಯತ್ತೆ, ಕೆಳಗಿಂದ ಹೊತ್ರೆ ಮಾತ್ರ ನಿಲ್ಲತ್ತೆ. 18 ಮಿಲಿಮೀಟರ್ ಪ್ಲೈವುಡ್ಡಿಗೆ 10 ಮಿಲಿಮೀಟರಿನ ಥ್ರೆಡ್ ರಾಡು, ಕೆಳಗೂ ಮೇಲೂ ವಾಶರ್ ಹಾಕಿ ನಟ್ಟು ಬಿಗಿ ಮಾಡಿ, ರಾಡಿನ ಮಧ್ಯದಲ್ಲಿ ಒಂದು ಬೋರ್ಡು, ಹಣ್ಣು ಕೂರೋದು ಆ ಬೋರ್ಡಿನ ಮೇಲೆ. ತೊಟ್ಟು ಬರೀ ಅಲಂಕಾರ, ಅದು ಏನೂ ಹೊರಲ್ಲ. ಹಾರ್ಡ್‌ವೇರ್ ಅಂಗಡಿ ರಾಡಿಗೆ ಎಣ್ಣೆ ಜಿಡ್ಡು ಇರತ್ತೆ, ತೊಳೆದು ಒರೆಸಿ ಆಹಾರಕ್ಕೆ ಬಳಸೋ ಪೈಪಲ್ಲಿ ಮುಚ್ಚಿ, ಕೇಕಿಗೆ ಎಲ್ಲೂ ತಾಗಬಾರದು. ಹಣ್ಣಿನ ನಡುಭಾಗದಿಂದ ಒಂದು ದಾರ ಬಿಟ್ರೆ ಅದು ಕೆಳಗಿನ ಪ್ಲೈವುಡ್ಡಿನ ಒಳಗೇ ಬೀಳ್ಬೇಕು, ಅಂಚಿನ ಹತ್ರಾನೂ ಬರಬಾರದು. ಮೊದ್ಲು ಅಷ್ಟೇ ತೂಕದ ಅಕ್ಕಿ ಚೀಲ ಇಟ್ಟು ಅಲ್ಲಾಡಿಸಿ ನೋಡಿ.

ಪ್ರಶ್ನೆಗಳಲ್ಲಿ ಮೊದಲನೇದು ಸಾಗಿಸೋದು. ಕಾರಿನ ಸೀಟ್ ಮೇಲೆ ಇಡ್ಬೇಡಿ, ಸೀಟು ಓರೆ ಇರತ್ತೆ, ತೊಡೆ ಮೇಲಂತೂ ಬೇಡವೇ ಬೇಡ. ಡಿಕ್ಕಿಯ ಸಮತಟ್ಟಾದ ನೆಲ, ಕೆಳಗೆ ಜಾರದ ರಬ್ಬರ್ ಮ್ಯಾಟು, ಏಸಿ ಹಾಕಿ. ಡಿಕ್ಕಿಗೆ ಏಸಿ ತಲುಪದೇ ಇರೋ ಕಾರಾದ್ರೆ ಮುಂದಿನ ಸೀಟಿನ ಕೆಳಗೆ ಕಾಲಿಡೋ ಜಾಗ. ಫ್ರಿಜ್ಜಿಂದ ಹೊರಗೆ ತೆಗೆದಾಗ ಕೇಕ್ ಬೆವರತ್ತೆ ಅಂದ್ರಿ. ರಟ್ಟಿನ ಡಬ್ಬಿಯಲ್ಲೇ ಫ್ರಿಜ್ಜಲ್ಲಿಡಿ, ಡಬ್ಬಿ ಸಮೇತ ತೆಗೀರಿ, ಕೇಕ್ ಹೊರಗಿನ ಉಷ್ಣಾಂಶಕ್ಕೆ ಬರೋವರೆಗೂ ತೆರೀಬೇಡಿ, ನೀರು ಡಬ್ಬಿ ಮೇಲೆ ಕೂರತ್ತೆ ಹೊರತು ಕೇಕ್ ಮೇಲಲ್ಲ. ಆದ್ರೂ ಬೆವರಿದ್ರೆ ಒರೆಸಬೇಡಿ, ಫ್ಯಾನ್ ಗಾಳಿಗೆ ಬಿಡಿ, ತಾನೇ ಆರತ್ತೆ.

ಹಿಂದಿನ ಸಾಲಿಂದ ಒಬ್ರು ಕೇಳಿದ್ರು, ಮೇಡಂ, ಇಷ್ಟೆಲ್ಲ ಸ್ಟ್ರಾ ಬೋರ್ಡು ಇದ್ರೆ ಕಸ್ಟಮರ್ ಕಟ್ ಮಾಡೋದು ಹೇಗೆ ಅಂತ. ತುಂಬಾ ಒಳ್ಳೆ ಪ್ರಶ್ನೆ. ಡಬ್ಬಿ ಜೊತೆ ಒಂದು ಚೀಟಿ ಕಡ್ಡಾಯ: ಒಳಗೆ ಎಷ್ಟು ಸ್ಟ್ರಾ, ಎಷ್ಟು ಬೋರ್ಡು, ಎಲ್ಲೆಲ್ಲಿ ಅಂತ ಒಂದು ಚಿತ್ರ. ಟೂತ್‌ಪಿಕ್ ಯಾವತ್ತೂ ಬಳಸಬೇಡಿ, ತುಂಡಲ್ಲಿ ಸೇರಿ ಮಗುವಿನ ಬಾಯಿಗೆ ಹೋದ್ರೆ ಗೊತ್ತೇ ಆಗಲ್ಲ. ಕಟ್ ಮಾಡೋರು ಮೊದ್ಲು ನಡುವಿನ ಬೋರ್ಡಿನವರೆಗೆ ಮಾತ್ರ ಚಾಕು ಇಳಿಸಿ ಮೇಲಿನ ಕೇಕನ್ನ ಹಂಚಲಿ, ಆಮೇಲೆ ಬೋರ್ಡ್ ಎತ್ತಿ, ಸ್ಟ್ರಾಗಳನ್ನ ಎಳೆದು ತೆಗೆದು ಚೀಟಿಲಿರೋ ಲೆಕ್ಕಕ್ಕೆ ಸರಿಯಾಗಿ ಎಣಿಸಿ, ಆಮೇಲೆ ಕೆಳಗಿನದನ್ನ ಕೊಯ್ಯಲಿ.